ಅಡ್ಡ ಎಳೆ

ಬರೆಯುತ್ತಿಲ್ಲ ಈ ಪೆನ್ನು, ಮೂರು ಸಲ ಗೀಚಿದೆ, ಕಾಗದ ಹರಿಯಿತೇ ಹೊರತು ಶಾಯಿ ಬರಲಿಲ್ಲ, ಪೆನ್ನೂ ಅವನದೇ, ಅಡಿಲೇಡಿನ ಯಾವುದೋ ಸಭೆಯಲ್ಲಿ ಬಿಟ್ಟಿ ಸಿಕ್ಕಿದ್ದು, ಮೈಮೇಲೆ ಚಿನ್ನದ ಅಕ್ಷರ, ಒಳಗೆ ಏನೂ ಇಲ್ಲ — ಮತ್ತು ಈ ಕಾಗದವೂ ಅವನದೇ, ಅಚ್ಚಾಗಿಯೇ ಬಂದಿದೆ, ನಾನು ಬರೆಯಬೇಕಾದದ್ದು ಕೊನೆಯಲ್ಲಿ ನನ್ನ ಹೆಸರು ಮಾತ್ರ. ನಡೆದ ತಪ್ಪು: ನೂಲುವಾಗ ಎಳೆಗಳು ನೇರವಾಗಿ ಕೂರಲಿಲ್ಲ. ತಪ್ಪಿದವರು: ರೇಲೀನ್ ಪಾಸ್ಕೋ, ನೂಲುವ ಯಂತ್ರ. ನಾನೇ ಯಂತ್ರವೋ, ಯಂತ್ರದ ಮುಂದೆ ಕೂತವಳೋ, ಅದೂ ಸ್ಪಷ್ಟವಿಲ್ಲ, ನಾಲ್ಕು ಗಂಟೆಯೊಳಗೆ ಬೇಕಂತೆ. ಈ ಚಹದ ಕೋಣೆಗೆ ತಾನೇ ನಡೆದು ಬಂದು ಕೊಟ್ಟ, ಪ್ರೊಫೆಸರ್ ಲಾಕ್ಲನ್ ಆಡ್ಜರ್ಸ್, ಇಡೀ ಪ್ರಯೋಗದ ಯಜಮಾನ, ಲಾಕಿ ಅನ್ನಿ ಸಾಕು ಅಂದಿದ್ದ ಮೊದಲ ದಿನ, ಲಾಕಿಯಂತೆ, ಕತ್ತು ಕೊಯ್ಯುವವನಿಗೆ ಮುದ್ದಿನ ಹೆಸರು, ಜೊತೆಗೆ ತಟ್ಟೆಯಲ್ಲಿ ಒಂದು ಲ್ಯಾಮಿಂಗ್ಟನ್ ಕೇಕಿನ ತುಂಡು, ತಗೊಳ್ಳಿ ರೇಲೀನ್, ತಲೆ ಕೆಡಿಸ್ಕೋಬೇಡಿ, ಇದು ಬರೀ ಒಂದು ಕಾಗದ, ಕುರಿ ಪ್ರಯೋಗಕ್ಕೆ ಒಪ್ಪಿಗೆ ಕೊಡೋ ಪ್ರಾಣಿ ಸಮಿತಿಯವರಿಗೆ ಏನಾದ್ರೂ ಕೊಡಬೇಕಲ್ಲ, ಆಮೇಲೆ ಸ್ವಲ್ಪ ದಿನ ನೀವು ಗಾಜಿನ ಸಾಮಾನು ತೊಳೆಯೋ ಕಡೆ ಇರಿ, ಕೈಗೂ ವಿಶ್ರಾಂತಿ ಆಗತ್ತೆ. ಕೈಗೆ ವಿಶ್ರಾಂತಿ! ನನ್ನ ಕೈ ಯಾವಾಗ ಇವನ ಹತ್ತಿರ ದೂರು ಹೇಳಿಕೊಂಡಿತ್ತು? ಹದಿನಾರನೇ ವಯಸ್ಸಿಗೆ ಬಾರ್ವನ್ ಹೊಳೆಯ ದಡದ ಉಣ್ಣೆ ಗಿರಣಿಗೆ ಸೇರಿದ ಕೈ ಇದು, ಗಿರಣಿ ಮುಚ್ಚುವ ದಿನದ ತನಕ ಒಂದು ಎಳೆಯನ್ನೂ ಸುಮ್ಮನೆ ಹರಿಯಗೊಡದ ಕೈ, ಇವನು ಆಗ ಹಾಲು ಕುಡಿಯುತ್ತಿದ್ದ. ಕೇಕಿನ ತೆಂಗಿನ ತುರಿ ಕಾಗದದ ಮೇಲೆ ಉದುರಿದೆ, ಉದುರಲಿ, ನನ್ನ ಹೆಸರಿನ ಮೇಲೇ ಉದುರಿದೆ.

ನೇರವಾಗಿ ಕೂರಲಿಲ್ಲವಂತೆ. ನನಗೆ ಹೇಳುತ್ತಾನೆ ನೇರ ಅಂದರೆ ಏನೆಂದು. ನಮ್ಮ ಹಳ್ಳಿ ಶಾಲೆಯಲ್ಲಿ ಒಬ್ಬರೇ ಮೇಡಮ್ಮು, ಹದಿನೇಳು ಮಕ್ಕಳು, ಅಲ್ಲಿ ಕಲಿತದ್ದು ಕೂಡುವುದು ಕಳೆಯುವುದು ಅಷ್ಟೇ, ಆದರೆ ಎಳೆ ಯಾವ ಕಡೆಗೆ ಮಲಗಿದೆ ಎಂದು ಕಣ್ಣು ಮುಚ್ಚಿ ತುಟಿಗೆ ತಾಗಿಸಿ ಹೇಳಬಲ್ಲೆ, ಗಿರಣಿಯ ಮೇಸ್ತ್ರಿ ಮೆರ್ವ್ ಡಗನ್ ಹಾಗೆ ಕಲಿಸಿದ್ದ, ಬೆರಳು ಸುಳ್ಳು ಹೇಳುತ್ತೆ ಹುಡುಗಿ, ತುಟಿ ಹೇಳಲ್ಲ. ಇಲ್ಲಿಯ ಎಳೆ ತುಟಿಗೂ ಸಿಗುವುದಿಲ್ಲ, ಕೂದಲಿನ ನೂರರಲ್ಲಿ ಒಂದು ಪಾಲಿನ ದಪ್ಪವೂ ಇಲ್ಲ, ಗಾಜಿನ ಪೆಟ್ಟಿಗೆಯೊಳಗೆ ಒಂದು ಸೂಜಿ, ಸೂಜಿಯ ತುದಿಯಲ್ಲಿ ಅಂಟಿನ ಹನಿ, ಹನಿಗೆ ಹದಿನೈದು ಸಾವಿರ ವೋಲ್ಟು ಕೊಟ್ಟರೆ ಅದು ಬೆದರಿ ನೂಲಾಗಿ ಹಾರುತ್ತದೆ, ಎದುರಿಗೆ ತಿರುಗುವ ಉರುಳೆಗೆ ಸುತ್ತಿಕೊಂಡು ತೆಳು ಹಾಳೆಯಾಗುತ್ತದೆ, ಉರುಳೆ ನಿಧಾನವಾದರೆ ಬೆಕ್ಕು ಕೆದರಿದ ಉಂಡೆ, ಸರಿಯಾದ ವೇಗವಾದರೆ ಬಾಚಿದ ತಲೆ. ಆ ವೇಗ ಯಾವುದೆಂದು ಪುಸ್ತಕದಲ್ಲಿ ಬರೆದಿದ್ದಾರೆ, ಆದರೆ ಮಳೆಯ ದಿನ ಬೇರೆ, ಉತ್ತರದಿಂದ ಬಿಸಿಗಾಳಿ ಬೀಸಿದ ದಿನ ಬೇರೆ, ಅದು ಪುಸ್ತಕದಲ್ಲಿಲ್ಲ, ಅದು ನನ್ನ ಕಿವಿಯಲ್ಲಿದೆ, ಉರುಳೆಯ ಗುಂಯ್‌ಗುಡುವಿಕೆ ಒಂದು ಎಳೆ ಏರಿದರೆ ಗೊತ್ತಾಗುತ್ತದೆ. ನಾನು ಇಲ್ಲಿ ಸೇರಿದ ಹೊಸತರಲ್ಲಿ ಲಾಕಿ ಒಳ್ಳೆಯವನಿದ್ದ, ಅದನ್ನೂ ಹೇಳಬೇಕು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದ್ದ, ನೋಡಿ ರೇಲೀನ್, ಈ ಆಕರಕೋಶ ಇದೆಯಲ್ಲ, ಇದಕ್ಕೆ ತಾನು ಏನಾಗಬೇಕು ಅಂತ ಇನ್ನೂ ಗೊತ್ತಿಲ್ಲ, ಎಲುಬೋ, ಕೊಬ್ಬೋ, ನರವೋ, ಇದು ತನ್ನ ಕೆಳಗೇನಿದೆ ಅಂತ ತಡವಿ ನೋಡತ್ತೆ, ಕೆಳಗೆ ನೇರ ಎಳೆ ಸಿಕ್ಕಿದ್ರೆ ಅದರ ಉದ್ದಕ್ಕೂ ಚಾಚ್ಕೊಂಡು ಮಲಗತ್ತೆ, ಹಾಗೆ ಮಲಗಿ ಮಲಗಿ ಹುರಿ ಆಗತ್ತೆ, ಸ್ನಾಯುನ ಎಲುಬಿಗೆ ಕಟ್ಟೋ ಹುರಿ, ನಾವು ಬರೀ ಹಂದರ ಹಾಕ್ತೀವಿ, ಬಳ್ಳಿ ತಾನೇ ಹತ್ತತ್ತೆ, ಆಮೇಲೆ ಹಂದರ ಕರಗಿ ಹೋಗತ್ತೆ, ಅವು ನಿಮ್ಮ ಮಾತು ಕೇಳ್ತವೆ ರೇಲೀನ್, ನನ್ನ ಮಾತಲ್ಲ. ನಿಮ್ಮ ಮಾತು ಕೇಳುತ್ತವೆ. ಆ ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕದವಳಿಗೆ ಹೇಳಿದ್ದೆ, ಪರಿಚಯವಿಲ್ಲದವಳಿಗೆ, ಅಷ್ಟು ಹಿಗ್ಗು.

ಎಂಟು ಕುರಿಗಳು. ಹಿಂಗಾಲಿನ ಹಿಮ್ಮಡಿಯ ಹುರಿಯನ್ನು ಒಂದು ತುಂಡು ತೆಗೆದು ಆ ಜಾಗಕ್ಕೆ ನನ್ನ ಹಾಳೆಯಿಂದ ಕತ್ತರಿಸಿದ ಪಟ್ಟಿ, ಮೇಲೆ ಅದೇ ಕುರಿಯ ಆಕರಕೋಶ, ಹೊಲಿಗೆ. ಏಪ್ರಿಲಿನಲ್ಲಿ ಎರಡು ಕುರಿ, ಎರಡೂ ಇವತ್ತು ಬೇಲಿ ಹಾರುತ್ತವೆ. ಜುಲೈನಲ್ಲಿ ಆರು, ಆರೂ ಕುಂಟು, ಒಂದೊಂದೇ ಹುರಿ ಒಳಗೇ ಬಿಚ್ಚಿಕೊಂಡಿತು. ಒಂದು ಕುರಿಯ ಹುರಿಯಿಂದ ಚೂರು ತೆಗೆದು ನೋಡಿದವರು ಒಂದು ಸಾಲು ಬರೆದು ಕಳಿಸಿದರು, ಎಳೆಗಳು ಎಳೆತದ ದಿಕ್ಕಿನಲ್ಲಿಲ್ಲ, ಅಷ್ಟೇ, ಮೂರು ವಾರದ ಹಿಂದೆ ಆ ಒಂದು ಸಾಲು ಹಿಡಿದುಕೊಂಡು ಬಂದ ಲಾಕಿ, ಏಪ್ರಿಲಿನ ಹಾಳೆ ಸರಿ ಇತ್ತು, ಜುಲೈದು ಕೆಟ್ಟಿತು, ನೂತವರು ಒಬ್ಬರೇ, ನೀವೇ ಹೇಳಿ ರೇಲೀನ್. ನಾನೇ ಹೇಳಬೇಕು! ಕೊರಳಿಗೆ ಹಗ್ಗ ಹಾಕಿ ಗಂಟು ನೀವೇ ಬಿಗಿದುಕೊಳ್ಳಿ ಎನ್ನುವ ಹಾಗೆ. ಜುಲೈನಲ್ಲಿ ನಾನು ನೂತದ್ದು ನನಗೆ ಗೊತ್ತು, ಹೊಸ ಉರುಳೆ ಬಂದಿತ್ತು, ಜರ್ಮನಿಯದು, ಬೆಣ್ಣೆಯ ಹಾಗೆ ತಿರುಗುತ್ತಿತ್ತು, ನನ್ನ ಜೀವಮಾನದಲ್ಲಿ ಅಷ್ಟು ನೇರ ನಾನು ಯಾವತ್ತೂ ನೂತಿಲ್ಲ. ಸಹಿ ಬೇಕಂತೆ. ಸಹಿ ಹಾಕಿದರೆ ನಾಳೆಯಿಂದ ಬಾಟಲಿ ತೊಳೆಯುವುದು, ಮತ್ತು ಈ ಪಟ್ಟಣದಲ್ಲಿ ಇನ್ನೆಲ್ಲೂ ನನ್ನ ಕೈಗೆ ಒಂದು ಎಳೆಯನ್ನೂ ಯಾರೂ ಕೊಡುವುದಿಲ್ಲ, ಗಿರಣಿಗಳು ಮುಚ್ಚಿದವು, ಇದೊಂದೇ ಉಳಿದಿದ್ದದ್ದು. ಪೆನ್ನನ್ನು ಕಸದ ಡಬ್ಬಿಗೆ ಎಸೆದೆ. ಎದ್ದೆ. ಚಹ ಹಾಗೇ ಇದೆ, ಇರಲಿ.

ಶೀತಲ ಪೆಟ್ಟಿಗೆಯ ಮೂರನೇ ಅರೆ, ಹಿಂದಿನ ಸಾಲು, ಜುಲೈ ಎಂದು ನಾನೇ ಬರೆದ ಚೀಟಿ. ಪ್ರತಿ ಸಲವೂ ಒಂದು ಪಟ್ಟಿಯನ್ನು ಕುರಿಗೆ ಹಾಕದೆ ಗಾಜಿನ ಬಟ್ಟಲಿನಲ್ಲಿ ಕೋಶ ಬೆಳೆಸಿ ಬಣ್ಣ ಹಾಕಿ ಎತ್ತಿಡುತ್ತಾರೆ, ಮುಂದೆ ಯಾರಾದರೂ ನೋಡಲಿ ಎಂದು, ಯಾರೂ ನೋಡುವುದಿಲ್ಲ, ಚೀಟಿ ಹಚ್ಚಿ ಇಡುವವಳು ನಾನಾದ್ದರಿಂದ ನನಗೆ ಗೊತ್ತು ಯಾವುದನ್ನು ಮುಟ್ಟಿದ್ದಾರೆ ಯಾವುದನ್ನು ಇಲ್ಲ. ಕೇಳಿದರೆ ಯಾರನ್ನು ಕೇಳಿ ತೆಗೆದಿರಿ ಅನ್ನುತ್ತಾನೆ, ಅನ್ನಲಿ. ಸೂಕ್ಷ್ಮದರ್ಶಕದ ದೀಪ ಹಾಕಿದೆ, ಪಟ್ಟಿಯನ್ನು ಉದ್ದಕ್ಕೆ ಎಡದಿಂದ ಬಲಕ್ಕೆ ಇಟ್ಟೆ, ಅಚ್ಚುಕಟ್ಟಾಗಿ ಇಡುವುದು ಕೈಗೆ ಅಂಟಿದ ಚಾಳಿ, ಕಣ್ಣಿಟ್ಟೆ, ಮೊದಲು ಮಂಜು, ತಿರುಪು ತಿರುಗಿಸಿದೆ, ಮಂಜು ಹರಿದು — ಅಯ್ಯೋ. ಎಷ್ಟು ನೇರ. ಹಸಿರು ಬಣ್ಣ ಹಚ್ಚಿದ ಕೋಶಗಳು, ಒಂದೊಂದೂ ಅಕ್ಕಿಕಾಳಿಗಿಂತ ತೆಳ್ಳಗೆ ಎಳೆದ ಹಾಗೆ, ತುದಿಗೆ ತುದಿ ತಾಗಿಸಿ, ಪಕ್ಕಕ್ಕೆ ಪಕ್ಕ ಒತ್ತಿ, ನೂರಾರು, ಒಂದೇ ಒಂದು ಸೊಟ್ಟಗಿಲ್ಲ, ಎಳೆ ಹರಡಿದ್ದರೆ ಇವು ಹೀಗೆ ಮಲಗುತ್ತಿದ್ದವೇ, ಚೆಲ್ಲಾಪಿಲ್ಲಿ ಬಿದ್ದಿರುತ್ತಿರಲಿಲ್ಲವೇ, ಬಾರೋ ಲಾಕಿ, ಬಂದು ನೋಡೋ, ಯಾರೋ ಸೊಟ್ಟ ನೂತವರು, ನಗು ಬಂತು, ಕಣ್ಣಲ್ಲಿ ನೀರೂ ಬಂತು, ಒರೆಸಿಕೊಂಡು ಮತ್ತೆ ಕಣ್ಣಿಟ್ಟೆ, ಮತ್ತೆ ನೋಡಿದೆ, ಎಡದಿಂದ ಬಲಕ್ಕೆ ಅಲ್ಲವೇ ನಾನು ಪಟ್ಟಿ ಇಟ್ಟದ್ದು. ಕೋಶಗಳು ಮೇಲಿನಿಂದ ಕೆಳಕ್ಕೆ ಇವೆ. ಕಣ್ಣು ತೆಗೆದು ಪಟ್ಟಿ ನೋಡಿದೆ, ಎಡದಿಂದ ಬಲಕ್ಕೇ ಇದೆ. ಕಣ್ಣಿಟ್ಟೆ, ಮೇಲಿನಿಂದ ಕೆಳಕ್ಕೆ. ಪಟ್ಟಿಯ ಉದ್ದಕ್ಕೆ ಅಲ್ಲ, ಅಡ್ಡಕ್ಕೆ. ಅಡ್ಡಕ್ಕೆ ಮಲಗಿವೆ, ಅಷ್ಟೂ, ಒಂದೂ ಬಿಡದೆ.

ಗೊತ್ತಾಯಿತು, ನಿಂತಲ್ಲೇ ಗೊತ್ತಾಯಿತು, ಗಿರಣಿಯ ಯಾವ ಹುಡುಗಿಗೂ ಗೊತ್ತಾಗುತ್ತಿತ್ತು. ಹಳೆಯ ಉರುಳೆ ದಪ್ಪ, ಗಿಡ್ಡ, ಬೀಸುವ ಕಲ್ಲಿನ ಹಾಗೆ, ಅದರ ಮೇಲಿನ ಹಾಳೆಯನ್ನು ಸೀಳಿ ಬಿಚ್ಚಿದರೆ ಸುತ್ತಳತೆಯೇ ಉದ್ದ, ಎಳೆ ಉದ್ದಕ್ಕೇ ಹೋಗುತ್ತಿತ್ತು. ಹೊಸದು ಲಟ್ಟಣಿಗೆಯ ಹಾಗೆ, ಸಣ್ಣ, ನೀಳ, ಅದರ ಹಾಳೆ ಬಿಚ್ಚಿದರೆ ಸುತ್ತಳತೆ ಗಿಡ್ಡ, ಉರುಳೆಯ ನೀಳವೇ ಹಾಳೆಯ ಉದ್ದ, ಎಳೆ ಮಾತ್ರ ಸುತ್ತಳತೆಗೇ, ಆ ಉದ್ದಕ್ಕೆ ಅಡ್ಡ. ಮೇ ತಿಂಗಳ ತನಕ ಪಟ್ಟಿ ಕತ್ತರಿಸುತ್ತಿದ್ದವಳು ಇಂಗ್ರಿಡ್, ಅವಳು ಡೆನ್ಮಾರ್ಕಿಗೆ ಹೋದಳು, ಆಮೇಲೆ ಸಾಹೇಬರೇ ಕತ್ತರಿ ಹಿಡಿದರು, ಹಳೆಯ ಅಭ್ಯಾಸದಲ್ಲಿ ಉದ್ದ ನೋಡಿ ಉದ್ದಕ್ಕೆ ಕತ್ತರಿಸಿದರು, ಬಟ್ಟೆಯ ಹಾಸು ಯಾವುದು ಹೊಕ್ಕು ಯಾವುದು ನೋಡದೆ ಅಂಗಿ ಹೊಲಿಯುವ ದರ್ಜಿಯ ಹಾಗೆ, ಮತ್ತು ಸೊಟ್ಟ ನೂತವಳು ನಾನು! ನೂಲು ತೆಗೆದವಳು ನಾನು, ಕತ್ತರಿ ಅವನದು, ಹೆಸರು ನನ್ನದು. ಇಂಗ್ರಿಡ್ ಇದ್ದಿದ್ದರೆ ಆಗುತ್ತಿರಲಿಲ್ಲ, ಇಂಗ್ರಿಡ್ ಮೂಲೆ ನೋಡುತ್ತಿದ್ದಳು. ಮೂಲೆ. ನನ್ನ ಪ್ರತಿ ಹಾಳೆಯ ಒಂದು ಮೂಲೆಯಲ್ಲಿ ಕತ್ತರಿಯ ತುದಿಯಿಂದ ಒಂದು ಕಚ್ಚು ಮಾಡುತ್ತಿದ್ದೆ, ಎಳೆ ಹೋಗುವ ದಿಕ್ಕಿಗೆ, ಗಿರಣಿಯಲ್ಲಿ ಬಟ್ಟೆಯ ಪ್ರತಿ ಥಾನಿಗೂ ಮಾಡುತ್ತಿದ್ದೆವು, ಯಾರೂ ಹೇಳುತ್ತಲೂ ಇರಲಿಲ್ಲ ಕೇಳುತ್ತಲೂ ಇರಲಿಲ್ಲ, ಇಂಗ್ರಿಡ್ ಒಂದು ವಾರಕ್ಕೆ ತಾನೇ ತಿಳಿದುಕೊಂಡಳು. ಮತ್ತೆ ಇಂಗ್ರಿಡ್ ಹೋದ ಮೇಲೆ ಆ ದಿನ, ಜುಲೈಗೆ ಮುಂಚೆ, ಎಲ್ಲರೂ ಸೇರಿದ್ದ ಸಭೆ, ಗೋಡೆಯ ಮೇಲೆ ದೊಡ್ಡದಾಗಿ ನನ್ನ ಹಾಳೆಯ ಚಿತ್ರ, ಲಾಕಿ ಬೆರಳು ತೋರಿಸಿ, ಯಾರ್ರೀ ಇದು ನನ್ನ ಮೂಲೆ ಕಡಿತಾ ಇರೋದು, ಪತ್ರಿಕೆಗೆ ಕಳಿಸೋ ಚಿತ್ರದಲ್ಲಿ ಇಲಿ ತಿಂದ ಹಾಗೆ ಕಾಣ್ತಿದೆ, ರೇಲೀನ್, ನಿಮ್ಮ ಊಟದ ಡಬ್ಬಿ ತಂದಿರಲಿಲ್ವಾ ಅವತ್ತು? ಎಲ್ಲರೂ ನಕ್ಕರು. ಹಿಂದಿನ ಸಾಲಿನವನು ಕುರ್ಚಿಯಿಂದ ಜಾರುವಷ್ಟು ನಕ್ಕ. ನಾನು ಆಯ್ತು ಅಂದೆ. ಅಷ್ಟೇ ಅಂದದ್ದು. ಕಿವಿ ಬಿಸಿಯಾಗಿತ್ತು, ಆಯ್ತು, ನಾಳೆಯಿಂದ ಮೂಲೆ ಪೂರ್ತಿ ಇರುತ್ತೆ, ತಗೋ ನಿನ್ನ ಮೂಲೆ.

ಕುರಿಮನೆಗೆ ಬಂದುಬಿಟ್ಟಿದ್ದೇನೆ, ಕಾಲು ತಾನೇ ಕರೆದುಕೊಂಡು ಬಂತು, ಬೂದು ಗಮ್ ಮರದ ಕೆಳಗೆ ಬಿಸಿಲು, ದಾರಿಯಲ್ಲಿ ಮ್ಯಾಗ್ಪೈ ಹಕ್ಕಿಯೊಂದು ತಲೆಗೆ ಎರಗಿತು, ವಸಂತ ಬಂದರೆ ಇವಕ್ಕೂ ತಲೆ ಕೆಡುತ್ತದೆ, ಕೈ ಬೀಸಿ ಬೈದೆ, ಅದೂ ಬೈಯಿತು. ಕಾಲಿನ್ ಹಾಸಿಗೆಯ ಹುಲ್ಲು ಬದಲಿಸುತ್ತಿದ್ದಾನೆ, ನಲವತ್ತು ವರ್ಷ ಉಣ್ಣೆ ಕತ್ತರಿಸಿ ಬೆನ್ನು ಬಾಗಿದವನು, ಈಗ ಈ ಎಂಟಕ್ಕೆ ದಾದಿ, ನೋಡಿದವನೇ, ಏನೇ ರೇ, ಮುಖ ಯಾಕೆ ಸುಟ್ಟ ಬದನೆಕಾಯಿ ಆಗಿದೆ, ಫುಟ್‌ಬಾಲಲ್ಲಿ ನಮ್ಮೋರು ಸೋತಾಗ್ಲೂ ಇಷ್ಟು ಆಗಿರ್ಲಿಲ್ಲ. ಹೇಳಿದೆ, ಒಂದೇ ಉಸಿರಿಗೆ, ಉರುಳೆ, ಲಟ್ಟಣಿಗೆ, ಕತ್ತರಿ, ಅಡ್ಡಕ್ಕೆ ಮಲಗಿದ ಕೋಶ, ಅವನ ಕಾಗದ. ಅವನು ಹುಲ್ಲು ಕೆಳಗಿಟ್ಟ. ಅಂದ್ರೆ ಆ ಬೋಳಿಮಗ ಪಟ್ಟಿನೇ ತಿರುಗಿಸಿ ಹಾಕಿಬಿಟ್ನಾ? ತಿರುಗಿಸಿಯೇ ಹಾಕಿದ, ಆರಕ್ಕೂ. ಹದಿನಾಲ್ಕನೇ ನಂಬರಿನ ಬಿಲ್ಲೆಯ ಕುರಿ ನಮ್ಮನ್ನೇ ನೋಡುತ್ತಿದೆ, ಹಿಂಗಾಲನ್ನು ನೆಲಕ್ಕೆ ತಾಗಿಸದೆ ಹಿಡಿದುಕೊಂಡಿದೆ, ಬಟ್ಟಲಿಗೆ ಮೂರು ಕಾಲಲ್ಲಿ ಕುಪ್ಪಳಿಸುತ್ತದೆ, ಆ ಕಾಲಿನ ಒಳಗೆ ಈಗಲೂ ಅವು ಹಾಗೆಯೇ ಮಲಗಿರಬೇಕು, ಅಡ್ಡಕ್ಕೆ, ಒತ್ತೊತ್ತಾಗಿ, ಕುರಿ ಹೆಜ್ಜೆ ಇಟ್ಟಾಗಲೆಲ್ಲ ಸಾಲು ಸಾಲು ಬೇರೆಯಾಗುತ್ತ, ಎಳೆತ ಒಂದು ಕಡೆಗೆ, ಅವು ಇನ್ನೊಂದು ಕಡೆಗೆ. ಕಾಲಿನ್ ಕೆರಳಿದ, ಹೋಗಿ ಹೇಳು ಅವನಿಗೆ, ನಿನ್ನ ಬಾಯಿಗೆ ಹೆದರಿ ಅಂಚೆಯವನೇ ದಾರಿ ಬದಲಿಸ್ತಾನೆ, ಇವತ್ತು ಯಾಕೆ ಮೆತ್ತಗಾಗಿದ್ದೀಯ? ಮೂಲೆ ಕಚ್ಚು ಹಾಕೋದು ಬಿಡಿಸಿದೋನು ಅವನೇ ಕಾಲಿನ್, ಅದನ್ನೇ ಮುಖದ ಮೇಲೆ ಹೊಡಿತೀನಿ. ಕಚ್ಚು ಅಂದ್ರೆ? ಅಂದ. ಕುರಿಯ ಕಿವಿ ತೋರಿಸಿದೆ, ಇದೇ, ಇದರ ಹಾಗೆ ಗುರುತು. ಹೌದಾ, ಅಂದ, ಕುರಿಯ ಕಿವಿಯ ಗೀರಿನಲ್ಲಿ ಬೆರಳಾಡಿಸುತ್ತ, ಈ ಗೀರು ಬಲಗಿವಿಲಿದ್ರೆ ಹೆಣ್ಣು, ಎಡಗಿವಿಲಿದ್ರೆ ಗಂಡು, ಅದನ್ನ ನಿಂಗೆ ಹೇಳಿದ್ದು ನಾನು, ನಾನು ಹೇಳದೆ ಇದ್ದಿದ್ರೆ ನೀನು ನಾಯಿ ಕಚ್ಚಿದ ಕಿವಿ ಅಂದ್ಕೊಳ್ತಿದ್ದೆ, ನಿನ್ನ ಕಚ್ಚು ಏನು ಅಂತ ನೀನು ಅವನಿಗೆ ಹೇಳಿದ್ಯಾ ರೇ? ಅವನು ಕೇಳಲೇ ಇಲ್ಲ. ಅದಲ್ಲ ನಾನು ಕೇಳಿದ್ದು. ಕೇಳಲೇ ಇಲ್ಲ ಕಾಲಿನ್, ನಕ್ಕ, ಅಷ್ಟು ಜನರ ಮುಂದೆ, ಇಲಿ ಅಂದ. ಕಾಲಿನ್ ಮತ್ತೆ ಹುಲ್ಲು ಎತ್ತಿಕೊಂಡು ಕುರಿಯ ಕಾಲ ಕೆಳಗೆ ಹರಡತೊಡಗಿದ, ಎಲ್ಲರೂ ಲಾಕಿಯ ಕಡೆಗೇ, ಓದಿದವನ ಕಡೆಗೇ, ನೀನೂ ಕಾಲಿನ್.

ಲಾಕಿಯ ಕೋಣೆ, ಬಾಗಿಲು ತಟ್ಟಲಿಲ್ಲ, ಬನ್ನಿ ಇಲ್ಲಿ ಅಂದೆ. ರೇಲೀನ್, ನಂಗೆ ಹತ್ತು ನಿಮಿಷಕ್ಕೆ ಸಮಿತಿಯವರ ಫೋನು ಇದೆ, ಸಹಿ ಆಯ್ತಾ? ಆಗುತ್ತೆ ಬನ್ನಿ. ಬಂದ, ಹಿಂದೆ ಹಿಂದೆ, ಉದ್ದ ಕಾಲಿನವನು ನನ್ನ ಗಿಡ್ಡ ಹೆಜ್ಜೆಗೆ ಎಡವುತ್ತ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಜುಲೈದಾ? ಎಷ್ಟು ಚೆನ್ನಾಗಿ ನೇರ ಇದೆಯಲ್ಲ. ಹೌದಲ್ಲ, ಅಂದೆ, ಸೊಟ್ಟ ನೂತವಳದು, ಈಗ ಕಣ್ಣು ತೆಗೆದು ಪಟ್ಟಿ ನೋಡಿ, ಮತ್ತೆ ಕಣ್ಣಿಡಿ. ತೆಗೆದ, ನೋಡಿದ, ಇಟ್ಟ. ತೆಗೆದ. ಮತ್ತೆ ಇಟ್ಟ, ಈ ಸಲ ಬಹಳ ಹೊತ್ತು, ಕುತ್ತಿಗೆಯ ಹಿಂಭಾಗ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು, ಇದನ್ನು ನೋಡಲಿಕ್ಕೇ ನಾನು ಮೂರು ವಾರ ಕಾದಿದ್ದೆ, ಈಗ ಎದುರಿಗಿದೆ, ನೋಡಿಕೋ, ತೃಪ್ತಿಯಾಗುವಷ್ಟು ನೋಡಿಕೋ. ಹೊಸ ಉರುಳೆ, ಅಂದ ತನಗೆ ತಾನೇ, ಅಯ್ಯೋ ದೇವರೇ, ನಾನು ಉದ್ದಕ್ಕೆ ಕತ್ತರಿಸಿದೆ. ಹೌದು ನೀವು ಕತ್ತರಿಸಿದಿರಿ, ನಾನಲ್ಲ, ನನ್ನ ಎಳೆಯಲ್ಲ, ಬರೆಯಿರಿ ಅದನ್ನ ನಿಮ್ಮ ಕಾಗದದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ, ಗೋಡೆ ಮೇಲೆ ಹಾಕಿ, ಎಲ್ಲರನ್ನೂ ಕೂರಿಸಿ ನಗಿಸಿ. ಬರೀತೀನಿ, ಅಂದ. ಜಗಳ ಮಾಡಲಿಲ್ಲ. ಜಗಳ ಮಾಡಬೇಕಿತ್ತು, ನಾನು ಅದಕ್ಕೇ ಬಂದಿದ್ದೆ, ಹೊಟ್ಟೆಯೊಳಗೆ ಇನ್ನೂ ನಲವತ್ತು ಮಾತು ಸಾಲು ನಿಂತಿದ್ದವು. ನಾನೇ ಬರೀತೀನಿ ರೇಲೀನ್, ನಿಮ್ಮ ಹೆಸರು ತೆಗಿತೀನಿ, ತಪ್ಪು ನಂದು. ಆಮೇಲೆ ತಿರುಗಿ ನೋಡಿದ, ಸಿಟ್ಟಿನಿಂದ ಅಲ್ಲ, ಲೆಕ್ಕ ತಪ್ಪಿದ ಹುಡುಗ ಮೇಡಮ್ಮನನ್ನು ನೋಡುವ ಹಾಗೆ. ಎಳೆ ಯಾವ ಕಡೆ ಇದೆ ಅಂತ ನಿಮಗೆ ಗೊತ್ತಿತ್ತಾ, ಹೊಸದರಲ್ಲಿ? ಗೊತ್ತಿಲ್ಲದೆ ಏನು, ನೂತವಳು ನಾನು. ಇಂಗ್ರಿಡ್‌ಗೆ ಹೇಗೆ ಗೊತ್ತಾಗ್ತಿತ್ತು? ಮೂಲೆ ಕಚ್ಚು. ಕಚ್ಚು, ಅಂದ, ಆ ಇಲಿ ಕಡಿದ — ಅಷ್ಟಕ್ಕೇ ನಿಲ್ಲಿಸಿದ, ಯಾಕೆ ಹೇಳಲಿಲ್ಲ ನೀವು? ನೀವು ನಕ್ಕಿರಿ. ಕೋಣೆಯಲ್ಲಿ ಆ ಮಾತು ಬಿದ್ದ ಸದ್ದು ನನಗೇ ಕೇಳಿಸಿತು, ನಾನು ಅಂದುಕೊಂಡದ್ದಕ್ಕಿಂತ ಬಹಳ ಸಣ್ಣ ಸದ್ದು. ಒಂದು ನಗುಗಾ, ರೇಲೀನ್? ಒಂದು ನಗು ಅಲ್ಲ, ನಿನಗೇನು ಗೊತ್ತು ಎಷ್ಟು ನಗು, ಮೂವತ್ತೈದು ವರ್ಷದ ನಗು, ಹೆಚ್ಚು ಓದದವಳು, ಹಳ್ಳಿಯವಳು, ಯಂತ್ರ, ಊಟದ ಡಬ್ಬಿ, ಅದನ್ನೆಲ್ಲ ಹೇಳಲಿಕ್ಕೆ ಬಾಯಿ ತೆರೆದೆ. ಫೋನು ಬಂತು, ಅವನು ಹೋದ.

ದೀಪ ಆರಿಸಬೇಕು, ಬಣ್ಣ ಮಾಸುತ್ತದೆ, ಆರಿಸುತ್ತೇನೆ, ಕಾಗದದಲ್ಲಿ ನನ್ನ ಹೆಸರು ಇರಲಿ ಎಂದು ಅವನಿಗೆ ಹೇಳಬೇಕು, ಅವನ ಹೆಸರಿನ ಕೆಳಗೆ, ಕತ್ತರಿಸಿದವನು ಅವನು, ಗುರುತು ನಿಲ್ಲಿಸಿದವಳು ನಾನು, ಹೇಳದೆ ನಿಲ್ಲಿಸಿದವಳು, ಯಾವನಿಗೋ ಬುದ್ಧಿ ಬರಲಿ ಎಂದು ಆರು ಕುರಿಯ ಕಾಲಿನಲ್ಲಿ — ಹೇಳುತ್ತೇನೆ, ಹಾಗೆಂದು ಅವನನ್ನು ಬಿಡುವುದಿಲ್ಲ, ಕೇಳದೆ ನಕ್ಕವನು ನಕ್ಕವನೇ, ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ, ಆದರೆ ಅದು ಎಲ್ಲಿ ಹೋಗಿ ಕೂರಬೇಕೋ ಗೊತ್ತಾಗದೆ ಸುತ್ತುತ್ತಿದೆ, ಅವನ ಮೇಲೆ ಕೂರುತ್ತದೆ, ಏಳುತ್ತದೆ, ನನ್ನ ಮೇಲೆ ಕೂರುತ್ತದೆ, ಇನ್ನೊಂದು ಸಲ ನೋಡಿ ಆರಿಸುತ್ತೇನೆ, ಕಣ್ಣಿಟ್ಟೆ, ಈ ಕೋಶಗಳು ಮಾತ್ರ ಏನೂ ಕೇಳಲಿಲ್ಲ, ಯಾಕೆ ಅನ್ನಲಿಲ್ಲ, ನಗಲಿಲ್ಲ, ಕತ್ತಲಲ್ಲಿ ತಡವಿ ನೋಡಿ ನನ್ನ ಎಳೆ ಸಿಕ್ಕಿತೆಂದು ನಂಬಿ ಎರಡೂ ಕೈ ಚಾಚಿ ಹಿಡಿದುಕೊಂಡವು, ತುದಿಗೆ ತುದಿ, ಪಕ್ಕಕ್ಕೆ ಪಕ್ಕ, ನಾನು ಹೇಳಿದಷ್ಟೂ ಕೇಳಿ, ನಾನು ಹಾಕಿದಲ್ಲೇ, ಹಸಿರಾಗಿ, ನೇರವಾಗಿ, ಅಡ್ಡಕ್ಕೆ ಮಲಗಿವೆ, ಅಷ್ಟೂ, ಅಡ್ಡಕ್ಕೆ —